ಒಂದೇ ದುಬೈ, ಎರಡು ಬಾಗಿಲು

ಕಳೆದ ವಾರ ಕಿರಾಣಿ ಅಂಗಡಿಯ ಮಿತ್ರರೊಬ್ಬರು ನಮ್ಮ ಪಕ್ಷದ ಕಚೇರಿಗೆ ಬಂದರು. ಅವರ ಮಗ ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ಕಂಪ್ಯೂಟರಿನಲ್ಲಿ ದುಡಿಯುತ್ತಾನೆ. ದುಬೈಯಲ್ಲಿದ್ದುಕೊಂಡೇ ಅದೇ ಕೆಲಸ ಮಾಡಲು 'ಡಿಜಿಟಲ್ ನೊಮ್ಯಾಡ್ ವೀಸಾ' ಕೊಡಿಸುತ್ತೇನೆಂದು ದಲ್ಲಾಳಿಯೊಬ್ಬ ಮುಂಗಡ ಕೇಳಿದ್ದಾನೆ. "ಕೊಡಲೋ ಬೇಡವೋ ಮೇಷ್ಟ್ರೇ?" ಎಂದರು. ಪಕ್ಕದಲ್ಲಿ ಕುಳಿತಿದ್ದ ಗಿರಣಿ ಕಾರ್ಮಿಕರೊಬ್ಬರು, "ನನ್ನ ತಮ್ಮನೂ ಗಾರೆ ಕೆಲಸಕ್ಕೆ ದುಬೈಗೆ ಹೊರಟಿದ್ದಾನೆ, ಅವನಿಗೂ ಈ ವೀಸಾ ಸಿಕ್ಕೀತೇ?" ಎಂದರು. ಇಬ್ಬರಿಗೂ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಈ ವೀಸಾ ಹೊಸ ಕಾಲದ್ದು. 2020ರ ಕೊರೋನಾ ಪಿಡುಗಿನಲ್ಲಿ ಪ್ರವಾಸಿಗರಿಲ್ಲದೆ ಹೋಟೆಲುಗಳು ಬರಿದಾದಾಗ ಬಾರ್ಬಡೋಸ್, ಎಸ್ಟೋನಿಯಾ, ದುಬೈ ಮುಂತಾದವು ಇದನ್ನು ತೆರೆದವು. ದುಡಿಮೆ ಒಂದು ದೇಶದ ಧಣಿಗೆ, ವಾಸ ಇನ್ನೊಂದು ದೇಶದಲ್ಲಿ. ವಾಸವಿರುವ ದೇಶದಲ್ಲಿ ನೌಕರಿ ಹಿಡಿಯುವಂತಿಲ್ಲ. ಹೊರಗಿನ ಸಂಬಳ ತಂದು ಅಲ್ಲಿ ಖರ್ಚು ಮಾಡಬೇಕು, ಅಷ್ಟೆ. ದುಬೈಗೆ ಪಾಸ್‌ಪೋರ್ಟ್, ಧಣಿಯ ಪತ್ರ, ಬ್ಯಾಂಕಿನ ಲೆಕ್ಕ, ಆರೋಗ್ಯ ವಿಮೆ, ಇವುಗಳ ಜೊತೆಗೆ ತಿಂಗಳಿಗೆ 3,500 ಡಾಲರ್ ಆದಾಯದ ರುಜುವಾತು ಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 3 ಲಕ್ಷ ರೂಪಾಯಿ! ಅಷ್ಟಿದ್ದವನು ತನಗೆ ತಾನೇ ಜಾಮೀನಾಗಿ ಒಂದು ವರ್ಷ ಇರಬಹುದು. ಅಷ್ಟು ಆದಾಯ ಇಲ್ಲದವನಿಗೆ ಯಾವ ದಲ್ಲಾಳಿಯೂ ಇದನ್ನು ಕೊಡಿಸಲಾರ. ಇದ್ದವನಿಗೆ ದಲ್ಲಾಳಿಯೇ ಬೇಕಿಲ್ಲ.

ಇನ್ನು ತಮ್ಮನ ಮಾತು. ಅವನು ಹತ್ತನೆಯ ತರಗತಿ ಪಾಸಾಗಿಲ್ಲ. 1983ರ ವಲಸೆ ಕಾಯ್ದೆಯಂತೆ ಅಂಥವರು ದುಬೈಗೆ ದುಡಿಯಲು ಹೋಗಬೇಕಾದರೆ ಸರಕಾರದ ಅನುಮತಿ ಪಡೆಯಬೇಕು. ದಲ್ಲಾಳಿಗಳ ಮೋಸ ತಡೆಯಲು ಮಾಡಿದ ನಿಯಮವಿದು, ತಪ್ಪೆನ್ನಲಾರೆವು. ಆದರೆ ಅಲ್ಲಿ ಇಳಿದ ಮೇಲೆ? 'ಕಫಾಲ' ಎಂಬ ಪದ್ಧತಿಯಲ್ಲಿ ಅವನ ವೀಸಾ ಧಣಿಗೆ ಕಟ್ಟುಬಿದ್ದಿರುತ್ತದೆ. ಕೆಲಸ ಹೋದರೆ ವಾಸದ ಹಕ್ಕಿಗೂ ಸಂಚಕಾರ. ಕೂಲಿಕಾರನ ಪಾಸ್‌ಪೋರ್ಟನ್ನು ಧಣಿ ಇಟ್ಟುಕೊಳ್ಳಬಾರದೆಂದು ನಿಯಮವಿದ್ದರೂ ಆ ಕಾಟ ತಪ್ಪಿಲ್ಲ. ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ. ಆ ನಗರದ ಗಗನಚುಂಬಿ ಮನೆಗಳನ್ನು ಕಟ್ಟಿದ ಕೈಗೆ ಇದು ಬಾಗಿಲು. ಅದೇ ಮನೆಯಲ್ಲಿ ಕುಳಿತು ಕೀಲಿ ಒತ್ತುವ ಕೈಗೆ ಬೇರೆ ಬಾಗಿಲು. ಇದು ಯಾವ ನ್ಯಾಯ?

ಅಂಗಡಿಯವರ ಮಗನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನೂ ದುಡಿದು ತಿನ್ನುವವನೇ. ಆದರೆ ಬಾಗಿಲು ತೆರೆಯುವುದು ಅವನ ದುಡಿಮೆಗಲ್ಲ, ಅವನ ಚೀಲಕ್ಕೆ. ಪೋರ್ಚುಗಲ್ ದೇಶವನ್ನೇ ನೋಡಿ. 2022ರಲ್ಲಿ ತೆರೆದ ಇಂಥದೇ ವೀಸಾಕ್ಕೆ ಅಲ್ಲಿನ ಕನಿಷ್ಠ ವೇತನದ 4 ಪಟ್ಟು ಆದಾಯ ಬೇಕೆಂದು ನಿಯಮ. ನಾಲ್ಕು ಪಾಲು ಗಳಿಸುವವನು ಬಾಡಿಗೆ ಮನೆ ಹುಡುಕುತ್ತ ಬಂದರೆ ಒಂದು ಪಾಲಿನವನು ಎಲ್ಲಿಗೆ ಹೋಗಬೇಕು? ಬಾಡಿಗೆ ಏರಲು ಪ್ರವಾಸೋದ್ಯಮ, ಮನೆಗಳ ಸಟ್ಟಾ ವ್ಯಾಪಾರ ಎಲ್ಲವೂ ಕಾರಣವೇ. ಇದೂ ಅದರೊಡನೆ ಸೇರಿತು. 2023ರ ಏಪ್ರಿಲಿನಲ್ಲಿ ಲಿಸ್ಬನ್ ನಗರದ ಸಾವಿರಾರು ಜನ ತಲೆಯ ಮೇಲೊಂದು ಸೂರು ಬೇಕೆಂದು ಬೀದಿಗಿಳಿದರು.

ಯಾರಿಗೂ ಬಾಗಿಲು ಮುಚ್ಚಿರೆಂದು ನಾವು ಹೇಳುವುದಿಲ್ಲ. ಲ್ಯಾಪ್‌ಟಾಪ್ ಹೊತ್ತವನಿಗಿರುವ ಸ್ವಾತಂತ್ರ್ಯ ಕರಣೆ ಹಿಡಿದವನಿಗೂ ಇರಲಿ. ದುಡಿಯುವವನ ವೀಸಾ ಧಣಿಯ ಜೇಬಿನಲ್ಲಿರಬಾರದು. ಕೊಲ್ಲಿ ದೇಶಗಳೊಡನೆ ಒಪ್ಪಂದಕ್ಕೆ ಕೂಡುವಾಗ ನಮ್ಮ ಸರಕಾರ ಎಣ್ಣೆಯ ದರಕ್ಕಿಂತ ಮೊದಲು ಈ ಮಾತು ಎತ್ತಲಿ.

ಅಂಗಡಿಯ ಮಿತ್ರರೇ, ಮುಂಗಡ ಕೊಡಬೇಡಿ. ಕಾರ್ಮಿಕ ಬಂಧುವೇ, ತಮ್ಮನನ್ನು ಕಳಿಸುವ ಏಜೆಂಟನಿಗೆ ಸರಕಾರದ ನೋಂದಣಿ ಇದೆಯೇ ಎಂದು ಮೊದಲು ವಿಚಾರಿಸಿ. ಕರಾರು ಪತ್ರವನ್ನು ಸಹಿಗೆ ಮುಂಚೆ ನಮ್ಮ ಕಚೇರಿಗೆ ತನ್ನಿ. ಕೂಡಿ ಓದೋಣ.