ಲಾರಿಯ ಎಣ್ಣೆ: ಗಂಟೆಯ ಲೆಕ್ಕವೂ ಬೇಕು

ಕರಿದ ಎಣ್ಣೆ ಕಪ್ಪಾದರೆ ಚೆಲ್ಲಬೇಕೆಂಬುದು ಅಡುಗೆಮನೆಯ ನ್ಯಾಯ. ಲಾರಿಯ ಎಂಜಿನ್ನಿಗೆ ಈ ನ್ಯಾಯ ಹೊಂದದು. ಡೀಸೆಲ್ ಎಂಜಿನ್ನಿಗೆ ಹಾಕಿದ ಎಣ್ಣೆ ಬಲುಬೇಗ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ. ಆದುದರಿಂದ ಬಣ್ಣ ನೋಡಿ ತೀರ್ಪು ಕೊಡಲಾಗದು.

ಹಾಗಾದರೆ ಬದಲಿಸುವುದು ಯಾವಾಗ? ಲಾರಿಯ ಕೈಪಿಡಿಯಲ್ಲಿ ಕಿಲೋಮೀಟರಿನ ಲೆಕ್ಕವಿದೆ. ನಮ್ಮ ಮುಂಬಯಿಗೆ ಅದೊಂದೇ ಸಾಲದು. ನ್ಹಾವಾ ಶೇವಾ ಬಂದರಿನ ಸಾಲಿನಲ್ಲೋ ಘೋಡ್‌ಬಂದರ್ ರಸ್ತೆಯ ದಟ್ಟಣೆಯಲ್ಲೋ ಎಂಜಿನ್ ನಿಲ್ಲಿಸದೆ ಎರಡು ಗಂಟೆ ನಿಂತ ಲಾರಿ ಒಂದು ಕಿಲೋಮೀಟರೂ ಸಾಗಿರಲಿಕ್ಕಿಲ್ಲ. ಎಣ್ಣೆ ಮಾತ್ರ ಎರಡು ಗಂಟೆ ದುಡಿದಿರುತ್ತದೆ. ಇಂಥ ಕಠಿಣ ಬಳಕೆಗೆ ಕೈಪಿಡಿ ಬೇರೆ ಅವಧಿ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಕಿಲೋಮೀಟರು, ಗಂಟೆ, ತಿಂಗಳು, ಯಾವುದು ಮೊದಲು ಮುಗಿಯುವುದೋ ಅದೇ ಗಡುವು. ಎಣ್ಣೆಯೊಡನೆ ಫಿಲ್ಟರನ್ನೂ ಬದಲಿಸತಕ್ಕದ್ದು.

ಆರಿಸುವಾಗಲೂ ಎಚ್ಚರ ಬೇಕು. ಡಬ್ಬಿಯ ಮೇಲಿನ 15ಡಬ್ಲ್ಯು-40 ಎಂಬುದು ಎಣ್ಣೆ ಎಷ್ಟು ಮಂದ, ಎಷ್ಟು ತೆಳು ಎಂಬುದನ್ನಷ್ಟೇ ತಿಳಿಸುತ್ತದೆ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಲಾರಿಗಳ ಹೊಗೆಕೊಳವೆಯಲ್ಲಿ ಸಾಮಾನ್ಯವಾಗಿ ಮಸಿ ಸೋಸುವ ಫಿಲ್ಟರು ಇರುತ್ತದೆ. ಅದರಲ್ಲಿ ಮಸಿ ಸುಟ್ಟುಹೋಗುತ್ತದೆ, ಎಣ್ಣೆಯ ಬೂದಿ ಸುಡುವುದಿಲ್ಲ; ಕೂಡುತ್ತ ಕೂಡುತ್ತ ದಾರಿ ಕಟ್ಟುತ್ತದೆ. ಅದಕ್ಕೇ ಸಿಕೆ-4ರಂತಹ, ಬೂದಿ ಕಡಮೆಯಿರುವ ಎಣ್ಣೆ ಬೇಕು. ಹಳೆಯ ಲಾರಿಯಿಂದ ಉಳಿದ ಡಬ್ಬಿಯನ್ನು ಹೊಸದಕ್ಕೆ ಸುರಿಯುವ ಮುನ್ನ ಕೈಪಿಡಿ ತೆರೆದು ನೋಡಿರಿ.

ಎಣ್ಣೆಯಲ್ಲಿ ಉಳಿಸಿದ ಕಾಸು ಎಂಜಿನ್ ಬಿಚ್ಚಿಸಲು ಸಾಲದು. ಲಾರಿ ಗ್ಯಾರೇಜಿನಲ್ಲಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲವಷ್ಟೆ.