ತರಬೇತಿಯ ತೂಕವನ್ನು ಎಲ್ಲಿ ನೋಡಬೇಕು?

ಉಪಾಧ್ಯಾಯರ ತರಬೇತಿ ಶಿಬಿರಗಳಲ್ಲಿ ಕೊನೆಯ ದಿನದ ಕೊನೆಯ ಗಂಟೆಗೆ ಒಂದು ವಿಶೇಷವಾದ ಕಳೆಯಿರುತ್ತದೆ. ಊರಿನ ಬಸ್ಸಿಗೆ ಹೊತ್ತಾಗಿರುತ್ತದೆ. ಚೀಲಗಳು ಬೆಂಚಿನ ಮೇಲೇರಿರುತ್ತವೆ. ಹಾಜರಾತಿ ಪ್ರಮಾಣಪತ್ರಗಳ ಮೇಲೆ ಮೊಹರು ಬೀಳುವ ಸದ್ದು ಪಕ್ಕದ ಕೊಠಡಿಯಿಂದ ಕೇಳಿಬರುತ್ತಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಬರುತ್ತದೆ. ಅದರ ಹೆಸರು ಹಿಮ್ಮಾಹಿತಿ ಪತ್ರ. ತರಬೇತಿ ಹೇಗಿತ್ತು? ವಿವರಣೆ ತಿಳಿಯುವಂತಿತ್ತೇ? ಊಟ ವಸತಿಗಳ ವ್ಯವಸ್ಥೆ ಹೇಗಿತ್ತು? ಅತ್ಯುತ್ತಮ, ಉತ್ತಮ, ಸಾಧಾರಣ ಎಂಬ ಮೂರು ಮನೆಗಳು. ಉಪಾಧ್ಯಾಯರು ಸಜ್ಜನರು, ಐದು ದಿನ ಉಪ್ಪಿಟ್ಟು ಚಹ ಕೊಟ್ಟವರ ಮನಸ್ಸನ್ನು ನೋಯಿಸುವವರಲ್ಲ. ಎಲ್ಲರೂ ಮೊದಲನೆಯ ಮನೆಗೇ ಗುರುತು ಹಾಕಿ ಹೊರಡುತ್ತಾರೆ. ಹಾಳೆಗಳನ್ನು ಒಟ್ಟುಮಾಡಿ ದಾರ ಕಟ್ಟಿ, "ತರಬೇತಿಯು ಯಶಸ್ವಿಯಾಗಿ ನೆರವೇರಿತು" ಎಂದು ವರದಿ ಬರೆಯಲಾಗುತ್ತದೆ.

ಇದನ್ನು ನಾನು ಪರಿಹಾಸ್ಯಕ್ಕಾಗಿ ಹೇಳುತ್ತಿಲ್ಲ. ಇಂಥ ಹಾಳೆಗಳಿಗೆ ಗುರುತು ಹಾಕಿದವರಲ್ಲಿ ನಾನೂ ಒಬ್ಬ; ಮುಂದೆ ಕೆಲವು ಕಾಲ ಸಂಪನ್ಮೂಲ ವ್ಯಕ್ತಿಯೆಂಬ ದೊಡ್ಡ ಹೆಸರಿನಿಂದ ಅವುಗಳಿಗೆ ದಾರ ಕಟ್ಟಿದವನೂ ಹೌದು. ಒಮ್ಮೆ ಒಂದು ಹಾಳೆಯಲ್ಲಿ ಯಾವ ಮನೆಗೂ ಗುರುತಿರಲಿಲ್ಲ. ಕೆಳಗೆ ಒಂದು ಸಾಲು ಮಾತ್ರ ಇತ್ತು: "ಇದನ್ನು ನನ್ನ ಶಾಲೆಗೆ ಬಂದು ಒಂದು ದಿನ ಮಾಡಿ ತೋರಿಸಿರಿ." ಬರೆದವರು ಇಬ್ಬರೇ ಉಪಾಧ್ಯಾಯರಿರುವ ಒಂದು ಶಾಲೆಯವರು. ಆ ಹಾಳೆಯನ್ನೂ ಉಳಿದವುಗಳೊಡನೆ ಸೇರಿಸಿ ಕಟ್ಟಿದೆ. ಶಾಲೆಗೆ ಹೋಗಲಿಲ್ಲ. ಹೋಗಬೇಕೆಂಬ ನಿಯಮವಿರಲಿಲ್ಲ, ಅದಕ್ಕೆ ಭತ್ಯವೂ ಇರಲಿಲ್ಲ. ಆದರೆ ಆ ಒಂದು ಸಾಲು ಇಷ್ಟು ವರ್ಷಗಳಾದರೂ ನನ್ನನ್ನು ಬಿಟ್ಟಿಲ್ಲ. ಉಪಾಧ್ಯಾಯರ ತರಬೇತಿಯ ಫಲವನ್ನು ಎಲ್ಲಿ ನೋಡಬೇಕೆಂಬ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಕಲಿಸುವವನು ಕಲಿಯುತ್ತಲೇ ಇರಬೇಕೆಂಬುದು ನಮ್ಮ ನಾಡಿಗೆ ಹೊಸ ವಿಚಾರವೇನಲ್ಲ. ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಶಾಲೆಯಲ್ಲಿ ಕನ್ನಡ ಮಾಸ್ತರರನ್ನು ಸಿದ್ಧಗೊಳಿಸುತ್ತಿದ್ದ 1860ರ ದಶಕದಲ್ಲಿಯೇ ಮಾಸ್ತರರಿಗಾಗಿ 'ಮಠಪತ್ರಿಕೆ' ಹೊರಟಿತು. ಅದೇ ಮುಂದೆ 'ಜೀವನ ಶಿಕ್ಷಣ'ವಾಯಿತು. ಸ್ವಾತಂತ್ರ್ಯಾನಂತರ ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು (1964-66) ಪ್ರತಿಯೊಬ್ಬ ಉಪಾಧ್ಯಾಯನಿಗೂ ಐದು ವರ್ಷಗಳ ಸೇವೆಯಲ್ಲಿ ಎರಡು ಮೂರು ತಿಂಗಳ ಶಿಕ್ಷಣ ಮತ್ತೆ ದೊರೆಯಬೇಕೆಂದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು. ಸರ್ವಶಿಕ್ಷಾ ಅಭಿಯಾನವು ವರ್ಷಕ್ಕೆ 20 ದಿನಗಳ ತರಬೇತಿಯನ್ನು ಗೊತ್ತುಮಾಡಿತು. 2019ರಲ್ಲಿ ಆರಂಭವಾದ 'ನಿಷ್ಠಾ' ಕಾರ್ಯಕ್ರಮವು ಸುಮಾರು 42 ಲಕ್ಷ ಉಪಾಧ್ಯಾಯರನ್ನು ಮುಟ್ಟುವ ಗುರಿಯಿಟ್ಟುಕೊಂಡು, ಮರುವರ್ಷದ ಮಹಾಮಾರಿಯ ಕಾಲದಲ್ಲಿ 'ದೀಕ್ಷಾ' ಎಂಬ ಅಂತರ್ಜಾಲ ವೇದಿಕೆಯನ್ನು ಏರಿತು. 2020ರ ನೀತಿಯು ವರ್ಷಕ್ಕೆ 50 ಗಂಟೆಗಳೆಂದು ವಿಧಿಸಿತು.

ಇವೆಲ್ಲವೂ ಸದುದ್ದೇಶದ ಕೆಲಸಗಳು. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ತಿಂಗಳು, ದಿನ, ಗಂಟೆ, ಲಕ್ಷ ಎಂದು ನಾವು ಎಣಿಸುತ್ತ ಬಂದಿರುವುದೆಲ್ಲ ಕೊಟ್ಟದ್ದರ ಲೆಕ್ಕ, ಮುಟ್ಟಿದ್ದರ ಲೆಕ್ಕವಲ್ಲ. ಹೊಲಕ್ಕೆ ಎಷ್ಟು ಗಾಡಿ ಗೊಬ್ಬರ ಹೊಡೆದೆವೆಂಬುದನ್ನು ಬರೆದಿಟ್ಟು, ಸುಗ್ಗಿಯ ಕಾಲಕ್ಕೆ ಕಣದ ಕಡೆಗೆ ತಿರುಗಿಯೂ ನೋಡದ ಒಕ್ಕಲಿಗನನ್ನು ನಾವು ಏನೆನ್ನುತ್ತೇವೆ?

ಫಲವನ್ನು ಅಳೆಯುವ ವಿಚಾರದಲ್ಲಿ ಲೋಕದ ಅನುಭವವೂ ನಮ್ಮ ಮುಂದಿದೆ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು 1959ರಲ್ಲಿ, ಉದ್ಯೋಗರಂಗದ ತರಬೇತಿಯನ್ನು ಕುರಿತು ಬರೆಯುತ್ತ, ಅದನ್ನು ನಾಲ್ಕು ಮೆಟ್ಟಿಲುಗಳಲ್ಲಿ ಪರೀಕ್ಷಿಸಬೇಕೆಂದರು. ಬಂದವರಿಗೆ ಮೆಚ್ಚಿಗೆಯಾಯಿತೇ? ಅವರು ಏನನ್ನಾದರೂ ಕಲಿತರೇ? ಕಲಿತದ್ದು ಅವರ ನಡತೆಯಲ್ಲಿ ಕಾಣಿಸಿತೇ? ಅದರಿಂದ ಕೆಲಸದ ಫಲ ಹೆಚ್ಚಿತೇ? ನಮ್ಮ ಹಿಮ್ಮಾಹಿತಿ ಪತ್ರ ಮೊದಲನೆಯ ಮೆಟ್ಟಿಲಿನಲ್ಲಿಯೇ ಕುಳಿತುಬಿಟ್ಟಿದೆ. ಅಂತರ್ಜಾಲದ ತರಬೇತಿಯ ಕೊನೆಗೆ ಬರುವ ರಸಪ್ರಶ್ನೆ ಎರಡನೆಯದಕ್ಕೆ ಒಂದು ಕಾಲಿಟ್ಟಿದೆಯೆನ್ನಬಹುದು.

ಅದೇ ದೇಶದ ಶಿಕ್ಷಣತಜ್ಞ ಥಾಮಸ್ ಗಸ್ಕಿಯವರು 2000ದಲ್ಲಿ, ಉಪಾಧ್ಯಾಯರ ವೃತ್ತಿವಿಕಾಸಕ್ಕೆ ಒಪ್ಪುವಂತೆ ಈ ಮೆಟ್ಟಿಲುಗಳನ್ನು ಐದಾಗಿಸಿ, ನಟ್ಟನಡುವೆ ಹೊಸದೊಂದನ್ನು ಕಟ್ಟಿದರು. ಉಪಾಧ್ಯಾಯನು ಕಲಿತದ್ದನ್ನು ಆಚರಿಸಲು ಅವನ ಸಂಸ್ಥೆ ಆಸರೆ ಕೊಟ್ಟಿತೇ ಎಂಬುದೇ ಆ ಮೆಟ್ಟಿಲು. ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ಮರ್ಮ ಇರುವುದು ಇಲ್ಲಿ. ಏಕೆಂದರೆ ಇತರ ಮೆಟ್ಟಿಲುಗಳಲ್ಲಿ ಪರೀಕ್ಷೆಗೆ ಒಳಗಾಗುವವನು ಉಪಾಧ್ಯಾಯ. ಈ ಮೆಟ್ಟಿಲಿನಲ್ಲಿ ಪರೀಕ್ಷೆಗೆ ಒಳಗಾಗುವುದು ಅವನನ್ನು ಕಳುಹಿಸಿದ ಇಲಾಖೆ. ಗುಂಪುಚಟುವಟಿಕೆ ಕಲಿತುಬಂದವನಿಗೆ ನಲವತ್ತು ಮಕ್ಕಳನ್ನೂ ಅಲುಗಾಡದ ಬೆಂಚುಗಳನ್ನೂ ಕೊಟ್ಟು, ವಾರಕ್ಕೆ ಎರಡು ದಿನ ಗಣತಿಗೋ ಚುನಾವಣಾ ಪಟ್ಟಿಗೋ ಕರೆದುಕೊಂಡು, ತಿಂಗಳ ಕೊನೆಗೆ "ಪಾಠ ಎಷ್ಟು ಮುಗಿಯಿತು?" ಎಂದು ಕೇಳಿದರೆ, ಕಲಿತ ವಿದ್ಯೆ ಬೀರುವಿನಲ್ಲಿ ಸೇರಿಕೊಳ್ಳದೆ ಎಲ್ಲಿಗೆ ಹೋಗಬೇಕು? ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದು, ಹುಳಿ ಏರಲಿಲ್ಲವೆಂದು ಹಣ್ಣನ್ನು ಬೈದಂತಾಯಿತು.

ಹಾಗಾದರೆ ತರಬೇತಿಯಿಂದ ಮಕ್ಕಳ ಕಲಿಕೆ ಹೆಚ್ಚುವುದೆಂಬುದಕ್ಕೆ ಪ್ರಮಾಣವಿಲ್ಲವೇ? ಇದೆ; ಆದರೆ ನಾವು ಎಣಿಸಿದ್ದಕ್ಕಿಂತ ಕಡಿಮೆ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪರಿಶೀಲನೆ 1,300ಕ್ಕೂ ಹೆಚ್ಚು ಅಧ್ಯಯನಗಳನ್ನು ಜರಡಿ ಹಿಡಿಯಿತು. ಶಾಸ್ತ್ರೀಯ ಕಟ್ಟುನಿಟ್ಟಿಗೆ ನಿಂತು ಉಳಿದವು ಒಂಬತ್ತು ಮಾತ್ರ! ಆ ಒಂಬತ್ತರಲ್ಲಿ ತರಬೇತಿಯ ಅವಧಿ ಸರಾಸರಿ 49 ಗಂಟೆಗಳಷ್ಟಿದ್ದು, ಮಕ್ಕಳ ಕಲಿಕೆಯಲ್ಲಿ ಗಣನೀಯವಾದ ಏಳಿಗೆ ಕಂಡಿತ್ತು. 14 ಗಂಟೆಗಳಿಗಿಂತ ಹೆಚ್ಚಿನ ತರಬೇತಿಗಳಲ್ಲಿ ಫಲ ಸ್ಪಷ್ಟವಾಗಿತ್ತು. ಇಷ್ಟನ್ನೇ ಓದಿದವರು, ಗಂಟೆಗಳನ್ನು ಹೆಚ್ಚಿಸಿದರೆ ಸಾಕೆಂದುಕೊಂಡಾರು. ಆದರೆ ಮರುವರ್ಷವೇ ಹೊರಬಂದ ಇನ್ನೊಂದು ಪ್ರಯೋಗದಲ್ಲಿ, ಎರಡನೆಯ ತರಗತಿಯ ಮಕ್ಕಳಿಗೆ ಓದು ಕಲಿಸುವವರಿಗೆ ದೀರ್ಘವಾದ ತರಬೇತಿ ಕೊಟ್ಟು ನೋಡಿದಾಗ ಅವರ ತಿಳಿವಳಿಕೆ ಹೆಚ್ಚಿತು, ಪಾಠದ ರೀತಿಯೂ ಕೊಂಚ ಬದಲಾಯಿತು. ಮಕ್ಕಳ ಓದಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಲಿತದ್ದಕ್ಕೂ ಕಲಿಸಿದ್ದಕ್ಕೂ, ಕಲಿಸಿದ್ದಕ್ಕೂ ಮಗು ಕಲಿತದ್ದಕ್ಕೂ ನಡುವೆ ಇರುವ ಹಾದಿ ಅಷ್ಟು ಉದ್ದ. ಆ ಹಾದಿಯ ಯಾವ ತಿರುವಿನಲ್ಲಿ ಬಂಡಿ ನಿಂತಿತೆಂದು ಹುಡುಕುವುದೇ ಮೌಲ್ಯಮಾಪನ; ಬಂಡಿ ಹೊರಟಿತೆಂದು ಬರೆದುಕೊಳ್ಳುವುದಲ್ಲ.

ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ 'ನಲಿಕಲಿ'ಯನ್ನು ನೋಡಬಹುದು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ಹಿಂದಿರುಗಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ತಮ್ಮ ಮಕ್ಕಳಿಗೆ ಒಪ್ಪುವ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ತಾವೇ ಕುಳಿತು ರಚಿಸಿದರು, ತರಗತಿಯಲ್ಲಿ ಇಟ್ಟು ನೋಡಿದರು, ತಪ್ಪಿದಲ್ಲಿ ತಿದ್ದಿದರು. ಅದು ತರಬೇತಿಯೆಂದು ಯಾರಿಗೂ ಅನ್ನಿಸದಂಥ ತರಬೇತಿ. 2009-10ರಲ್ಲಿ ಆ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿತು. ಕಾರ್ಡುಗಳು ಅಚ್ಚಾಗಿ ಬಂದವು. ರಾಜ್ಯದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ಉಪಾಧ್ಯಾಯರಿಗೆ ಎಂದು ತರಬೇತಿ ಮೇಲಿನಿಂದ ಕೆಳಕ್ಕೆ ಇಳಿಯಿತು. ಅದನ್ನು ಮನಸಾರೆ ಒಪ್ಪಿಕೊಂಡು ಬೆಳಗಿಸಿದ ತಾಯಂದಿರಂಥ ಉಪಾಧ್ಯಾಯಿನಿಯರನ್ನು ನಾನು ಬಲ್ಲೆ. ಗೋಡೆಗೆ ಏಣಿ ತೂಗುಹಾಕಿ, ಮಕ್ಕಳಿಂದ ಹಳೆಯಂತೆಯೇ ಕಪ್ಪುಹಲಗೆಯ ನಕಲು ಮಾಡಿಸಿದವರನ್ನೂ ಬಲ್ಲೆ. ಎರಡನೆಯವರು ಸೋಮಾರಿಗಳೆಂದು ಹೇಳಲಾರೆ. ಮೊದಲಿನವರು ಏಣಿಯನ್ನು ಕಟ್ಟಿದ್ದರು. ಇವರಿಗೆ ಏಣಿಯನ್ನು ಹಂಚಲಾಗಿತ್ತು. ಹಾಜರಾತಿ ಪುಸ್ತಕದಲ್ಲಿ ಇಬ್ಬರೂ ತರಬೇತಿ ಪಡೆದವರೇ. ಆ ಪುಸ್ತಕಕ್ಕೆ ಕಾಣದ ವ್ಯತ್ಯಾಸವೇ ನಿಜವಾದ ವ್ಯತ್ಯಾಸ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. "ಇಷ್ಟೆಲ್ಲ ಗೊಂದಲವೇಕೆ? ಮಕ್ಕಳ ಅಂಕಗಳನ್ನು ನೋಡಿದರೆ ಸಾಲದೇ? ಅಂಕ ಏರಿದರೆ ತರಬೇತಿ ಫಲಿಸಿತು, ಇಲ್ಲದಿದ್ದರೆ ಇಲ್ಲ." ಆಡಳಿತಗಾರರಿಗೆ ಇದು ಪ್ರಿಯವಾದ ವಾದ, ಸುಲಭವೂ ಹೌದು. ಮಗುವಿನ ಕಲಿಕೆಯೇ ಕೊನೆಯ ಗುರಿಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಮಗುವಿನ ಅಂಕದಲ್ಲಿ ಅದರ ಮನೆಯ ಬಡತನ, ಸುಗ್ಗಿಯ ಕಾಲದ ಗೈರುಹಾಜರಿ, ಹಿಂದಿನ ತರಗತಿಯಲ್ಲಿ ಉಳಿದುಹೋದ ಅಕ್ಷರ, ಬದಲಾದ ಪುಸ್ತಕ ಎಲ್ಲವೂ ಕಲಸಿಕೊಂಡಿರುತ್ತವೆ. ಐದು ದಿನದ ಶಿಬಿರದ ಪಾಲು ಅದರಲ್ಲಿ ಎಷ್ಟೆಂದು ಬೇರ್ಪಡಿಸಲು, ತರಬೇತಿ ಪಡೆಯದವರ ಶಾಲೆಗಳೊಡನೆ ಹೋಲಿಸುವ ಎಚ್ಚರಿಕೆಯ ಅಧ್ಯಯನ ಬೇಕು. ಅಂಥದನ್ನು ಕೆಲವು ತಾಲ್ಲೂಕುಗಳಲ್ಲಿ, ಅರಿತವರಿಂದ, ಸಾವಧಾನವಾಗಿ ಅವಶ್ಯ ಮಾಡಿಸಬೇಕು. ಅದನ್ನು ಬಿಟ್ಟು ಒಬ್ಬೊಬ್ಬ ಉಪಾಧ್ಯಾಯನ ಕೊರಳಿಗೂ ಅಂಕಪಟ್ಟಿ ಕಟ್ಟಿದರೆ ಅಂಕಗಳು ಖಂಡಿತವಾಗಿ ಏರುತ್ತವೆ; ಕಲಿಕೆ ಏರುವುದೆಂಬ ಭರವಸೆ ಇಲ್ಲ. ಹೆದರಿದವನು ಕಲಿಯುವ ಮೊದಲ ವಿದ್ಯೆಯೆಂದರೆ ತೋರಿಕೆ.

ಈ ತೋರಿಕೆಯ ವಿಷಯವಾಗಿ ಎರಡು ಮಾತು ಹೇಳಲೇಬೇಕು. ನಮ್ಮ ಇಂದಿನ ರೀತಿಯ ದೊಡ್ಡ ಹಾನಿಯು ಹಣದ ಅಪವ್ಯಯವಲ್ಲ. ತನಗೆ ಏನು ಬೇಕೆಂದು ಯಾರೂ ಕೇಳದೆ ಕರೆಸಿಕೊಂಡು, ತಾನು ಏನು ಮಾಡಿದನೆಂದು ಯಾರೂ ನೋಡದೆ ಕಳುಹಿಸುವ ತರಬೇತಿಯನ್ನು ವರ್ಷ ವರ್ಷವೂ ಕಂಡ ಉಪಾಧ್ಯಾಯನು, ಕಲಿಯುವುದೆಂದರೆ ಸಹಿ ಹಾಕುವುದೆಂದು ತಿಳಿಯುತ್ತಾನೆ. ಗಣಕದ ಪರದೆಯ ಮೇಲೆ ಪಾಠವನ್ನು ಓಡಲು ಬಿಟ್ಟು, ಪಕ್ಕದಲ್ಲಿ ಕಾಪಿ ತಿದ್ದುತ್ತ, ಕೊನೆಯ ರಸಪ್ರಶ್ನೆಯ ಉತ್ತರವನ್ನು ಸ್ನೇಹಿತರಿಂದ ಕೇಳಿ ಬರೆಯುತ್ತಾನೆ. ಇದೇ ಕೆಲಸವನ್ನು ಅವನ ವಿದ್ಯಾರ್ಥಿ ಮಾಡಿದರೆ ನಾವು ಅದಕ್ಕೆ ನಕಲು ಎನ್ನುತ್ತೇವೆ. ಕಲಿಕೆಯಲ್ಲಿ ತಾನೇ ನಂಬಿಕೆ ಕಳೆದುಕೊಂಡವನು ಮಕ್ಕಳಲ್ಲಿ ಆ ನಂಬಿಕೆಯನ್ನು ಹೇಗೆ ಹುಟ್ಟಿಸಿಯಾನು?

ಪರಿಹಾರ ದೊಡ್ಡ ಯೋಜನೆಯಲ್ಲಿಲ್ಲ. ತರಬೇತಿಗೆ ಮುನ್ನ ಉಪಾಧ್ಯಾಯನನ್ನು ಕೇಳಬೇಕು. ಕರ್ನಾಟಕದ 'ಗುರುಚೇತನ' ಕಾರ್ಯಕ್ರಮವು ಬೇಕಾದ ವಿಷಯವನ್ನು ಉಪಾಧ್ಯಾಯರೇ ಆರಿಸಿಕೊಳ್ಳಬಹುದೆಂದು ಹೇಳಿದ್ದು ಈ ದಾರಿಯ ಒಳ್ಳೆಯ ಹೆಜ್ಜೆ. ತರಬೇತಿಯಾದ ಒಂದು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ತರಬೇತಿ ಕೊಟ್ಟವನೇ ಆ ಶಾಲೆಗೆ ಹೋಗಬೇಕು. ತನಿಖೆಗಲ್ಲ, ತನ್ನ ಮಾತು ಅಲ್ಲಿ ನಡೆಯುತ್ತದೆಯೇ ಎಂದು ತಾನೇ ಪಾಠ ಮಾಡಿ ನೋಡುವುದಕ್ಕೆ. ಜಪಾನಿನ ಉಪಾಧ್ಯಾಯರು ಬಹುಕಾಲದಿಂದ ಒಂದು ಪಾಠವನ್ನು ಕೂಡಿ ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ಪಾಠವನ್ನೇ ವಿಮರ್ಶಿಸುತ್ತಾರೆ. ನಮ್ಮ ಸಮೂಹ ಸಂಪನ್ಮೂಲ ಕೇಂದ್ರಗಳ ಸಭೆಗಳು ಸುತ್ತೋಲೆ ಓದುವುದನ್ನು ಕೊಂಚ ಕಡಿಮೆಮಾಡಿದರೆ ಇದಕ್ಕೆ ಬೇರೆ ಹಣವೇ ಬೇಡ. ಮಕ್ಕಳ ಬರವಣಿಗೆಯ ಪುಸ್ತಕಗಳನ್ನು ಜೂನ್ ತಿಂಗಳದ್ದೂ ಡಿಸೆಂಬರ್ ತಿಂಗಳದ್ದೂ ಪಕ್ಕಪಕ್ಕ ಇಟ್ಟು ನೋಡಬೇಕು. ಕಡೆಯದಾಗಿ, "ಈ ತರಬೇತಿ ಫಲಿಸಲಿಲ್ಲ" ಎಂದು ಬರೆದ ವರದಿಯನ್ನು ಸ್ವೀಕರಿಸುವ ಧೈರ್ಯ ಮೇಲಿನವರಿಗೆ ಇರಬೇಕು. ಸೋಲನ್ನು ಬರೆಯಲು ಜಾಗವಿಲ್ಲದ ವರದಿಯಲ್ಲಿ ಗೆಲುವಿಗೂ ಅರ್ಥವಿಲ್ಲ.

ಆ ಹಾಳೆಯನ್ನು ಬರೆದ ಉಪಾಧ್ಯಾಯರು ಇಷ್ಟರಲ್ಲಿ ನಿವೃತ್ತರಾಗಿರಬೇಕು. ಅವರ ಶಾಲೆಗೆ ನಾನು ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಬಹುಶಃ ಎರಡು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಹತ್ತು ನಿಮಿಷದಲ್ಲಿ ಬೆವರುತ್ತಿದ್ದೆ; ನಾನು ಐದು ದಿನ ಹೇಳಿದ್ದರಲ್ಲಿ ಅರ್ಧ ಅಲ್ಲಿ ನಡೆಯದೆಂದು ನನಗೇ ತಿಳಿಯುತ್ತಿತ್ತು; ಮುಂದಿನ ಶಿಬಿರದಲ್ಲಿ ಆ ಅರ್ಧವನ್ನು ಬಿಟ್ಟು ಉಳಿದದ್ದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದೆ. ಅವರು ಕೇಳಿದ್ದು ಒಂದು ದಿನ. ಅವರಿಗಿಂತ ನನಗೇ ಆ ದಿನ ಹೆಚ್ಚು ಬೇಕಾಗಿತ್ತು.