ತಿದ್ದುವ ಕೈ, ಹೊಗಳುವ ಸಭೆ

ವಾಟ್ಸ್‌ಆ್ಯಪ್ ಗುಂಪಿಗೆ ಕವಿತೆಯೊಂದು ಬಿದ್ದ ಅರೆಗಳಿಗೆಯಲ್ಲಿ ‘ಸೂಪರ್ ಸರ್’, ‘ಅದ್ಭುತ ಮೇಡಂ’ ಶುರುವಾಗುತ್ತದೆ. ಕವಿತೆ ಓದಲಿಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಪ್ಪಿತಪ್ಪಿ ಯಾರಾದರೂ ‘ಮೂರನೆಯ ಸಾಲು ಸಡಿಲವಾಗಿದೆ’ ಎಂದರೆ ಎಲ್ಲರೂ ಮೌನ. ಕವಿ ಮುನಿಸಿಕೊಳ್ಳುತ್ತಾರೆ, ಅಡ್ಮಿನ್ ಸಮಾಧಾನಕ್ಕೆ ಬರುತ್ತಾರೆ. ಈಗಿನವರಿಗೆ ಟೀಕೆ ತಡೆದುಕೊಳ್ಳುವ ಶಕ್ತಿಯಿಲ್ಲ ಎಂದು ಹಿರಿಯರು ಬೇಸರಪಡುವುದುಂಟು. ಎಲ್ಲರ ಕಣ್ಣೆದುರು ತಿದ್ದಿಸಿಕೊಳ್ಳುವ ಶಕ್ತಿ ಯಾವ ಕಾಲದ ಕವಿಗೆ ತಾನೇ ಇತ್ತು? ಹೈದರಾಬಾದಿನ ಉರ್ದು ಕವಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಅದಕ್ಕೇ ಹೊಗಳುವ ಜಾಗ ಬೇರೆ, ತಿದ್ದುವ ಜಾಗ ಬೇರೆ ಎಂದು ಇಟ್ಟುಕೊಂಡಿದ್ದರು.

ದೆಹಲಿಯ ಕವಿ ದಾಗ್ ದೆಹಲ್ವಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರಿಗೆ ಕಾವ್ಯದ ಉಸ್ತಾದರಾಗಿ ಹೈದರಾಬಾದಿನಲ್ಲಿ ನೆಲೆಸಿದವರು. 1905ರಲ್ಲಿ ಇಲ್ಲೇ ತೀರಿಕೊಂಡರು. ನಾಂಪಲ್ಲಿಯ ಯೂಸುಫೈನ್ ದರ್ಗಾದಲ್ಲಿ ಅವರ ಸಮಾಧಿಯಿದೆ. ನಿಜಾಮರಷ್ಟೇ ಅವರ ಶಿಷ್ಯರಲ್ಲ. ದೇಶದ ಮೂಲೆಮೂಲೆಯಿಂದ ಕವಿಗಳು ಟಪಾಲಿನಲ್ಲಿ ಗಜಲ್ ಕಳಿಸುತ್ತಿದ್ದರು. ಅದನ್ನು ನಿಭಾಯಿಸಲು ದಾಗ್ ಸಿಬ್ಬಂದಿಯನ್ನೇ ಇಟ್ಟುಕೊಳ್ಳಬೇಕಾಯಿತು. ಹೀಗೆ ತಿದ್ದಿಕೊಡುವುದಕ್ಕೆ ಇಸ್ಲಾಹ್ ಎನ್ನುತ್ತಾರೆ. ಶಿಷ್ಯನ ಹಾಳೆಯ ಮೇಲೆ ಉಸ್ತಾದ ಒಂದು ಪದ ಹೊಡೆದುಹಾಕಿ ಮೇಲೆ ಇನ್ನೊಂದು ಬರೆಯುತ್ತಾನೆ. ಒಪ್ಪಿಗೆಯಾದ ದ್ವಿಪದಿಯ ಪಕ್ಕ ‘ಸ್ವಾದ್’ ಅಕ್ಷರದ ಗುರುತು ಹಾಕುತ್ತಾನೆ. ಮುಖ ನೋಡದ ಇಬ್ಬರ ನಡುವೆ, ದೂರದಿಂದಲೇ, ಕವಿತೆ ಹದಗೊಳ್ಳುತ್ತಿತ್ತು. ಆದ್ದರಿಂದ ಮೊಬೈಲಿನಲ್ಲಿ ಮುಖ ಕಾಣದೆ ದೂರವಿರುವುದೇ ನಮ್ಮ ತೊಡಕು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗೆ ತಿದ್ದಿಸಿಕೊಂಡ ಗಜಲ್ ಆಮೇಲೆ ಮುಷಾಯಿರಾಕ್ಕೆ, ಅಂದರೆ ಕವಿಗಳು ಓದುವ ಸಭೆಗೆ, ಬರುತ್ತಿತ್ತು. ಅಲ್ಲಿ ‘ವಾಹ್ ವಾಹ್’, ‘ಮುಕರ್ರರ್’ — ಇನ್ನೊಮ್ಮೆ ಹೇಳಿ ಎಂಬ ಕೂಗು. ಸಭೆಯಲ್ಲಿ ಆಕ್ಷೇಪ ಏಳುತ್ತಿರಲಿಲ್ಲವೆಂದಲ್ಲ. ಎದ್ದರೆ ಶಿಷ್ಯನ ಬೆನ್ನಿಗೆ ಉಸ್ತಾದ ಇರುತ್ತಿದ್ದ. ನಾವು ಮುಷಾಯಿರಾವನ್ನು ಮೊಬೈಲಿಗೆ ತಂದುಕೊಂಡೆವು, ಅದರ ಹಿಂದಿದ್ದ ಟಪಾಲಿನ ಹಾಳೆಯನ್ನು ಬಿಟ್ಟೆವು. ಹೊಗಳಿಕೆ ಹೆಚ್ಚಾಯಿತೆಂದು ನನಗೆ ಸಿಟ್ಟಿಲ್ಲ. ಬರೆಯುವವನಿಗೆ ಹೊಗಳಿಕೆ ಬೇಕು. ಅದರ ಮೊದಲು ನಡೆಯಬೇಕಾದದ್ದು ನಡೆಯುತ್ತಿಲ್ಲ ಎಂಬುದೇ ನನ್ನ ಸಂಕಟ.

ಕನ್ನಡದವರಿಗೆ ಇದು ಹೊರಗಿನ ಪಾಠವೂ ಅಲ್ಲ. ಹೈದರಾಬಾದಿನ ಕನ್ನಡಿಗರು ಕಾಚಿಗುಡಾದಲ್ಲಿ ಕಟ್ಟಿದ ಶಾಲೆಗೆ ನೃಪತುಂಗನ ಹೆಸರಿದೆ. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, 1948ರವರೆಗೆ ನಿಜಾಮರ ಸೀಮೆಯಲ್ಲೇ ಇತ್ತು. ಒಂಬತ್ತನೆಯ ಶತಮಾನದಲ್ಲಿ ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕಾವ್ಯದೋಷಗಳನ್ನು ಉದಾಹರಣೆ ಸಮೇತ ಎತ್ತಿ ತೋರಿಸುತ್ತದೆ. ಕಣ್ಣಿಗೆ ತಾನು ಹಚ್ಚಿಕೊಂಡ ಕಾಡಿಗೆ ಕಾಣದಂತೆ ಕವಿಗೆ ತನ್ನ ತಪ್ಪು ಕಾಣದು ಎಂಬ ಅರ್ಥದ ಮಾತೂ ಅದರಲ್ಲಿದೆ. ಇನ್ನೊಬ್ಬರ ಕಣ್ಣು ಬೇಕು ಎನ್ನಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಗೊತ್ತಿಲ್ಲ. ಕವಿ ಪೆದ್ದನೆಂದಲ್ಲ, ಅವನು ನಿಂತ ಜಾಗದಿಂದ ಅದು ಕಾಣುವುದೇ ಇಲ್ಲ.

ಆ ಇನ್ನೊಬ್ಬರು ಏನು ಹೇಳಬೇಕು? ತೀರಿಹೋದ ತಾಯಿಯ ಮೇಲೆ ಒಬ್ಬ ಹುಡುಗಿ ಬರೆದಿದ್ದಾಳೆ ಎಂದುಕೊಳ್ಳಿ. ಹಿತ್ತಲ ತಂತಿಯಲ್ಲಿ ಸೀರೆಯಿಲ್ಲ, ಬರೀ ಕ್ಲಿಪ್ಪುಗಳಿವೆ ಎಂದು ಬರೆದು, ಮುಂದಿನ ಸಾಲಿನಲ್ಲಿ ‘ಮನೆ ತುಂಬ ದುಃಖ’ ಎನ್ನುತ್ತಾಳೆ. ‘ಮನಮುಟ್ಟಿತು’ ಎಂದರೆ ಅವಳಿಗೆ ಸಿಕ್ಕಿದ್ದೇನೂ ಇಲ್ಲ. ‘ಭಾವ ಹಳಸಲು’ ಎಂದರೆ ತಾಯಿಯನ್ನು ಕಳೆದುಕೊಂಡವಳನ್ನು ಹೊಡೆದಂತೆ. ‘ಕ್ಲಿಪ್ಪು ಕಂಡಾಗಲೇ ನನಗೆ ದುಃಖವಾಯಿತಮ್ಮಾ, ಮುಂದಿನ ಸಾಲು ಬೇಕೇ ನೋಡು’ ಎಂದು ಅವಳೊಬ್ಬಳಿಗೇ ಬರೆದರೆ ಅವಳು ಮತ್ತೆ ಹಾಳೆ ತೆಗೆಯುತ್ತಾಳೆ. ಹೀಗೆ ಬರೆಯಬೇಕಾದರೆ ಕವಿತೆಯನ್ನು ನಾಲ್ಕು ಸಲ ಓದಬೇಕು. ತಿದ್ದುವವರು ಕೊಡುವ ನಿಜವಾದ ಗೌರವ ಆ ಓದು. ಅವಳ ಕಡೆಯಿಂದಲೂ ಒಂದು ಕೆಲಸವಿದೆ: ಗುಂಪಿಗೆ ಹಾಕುವ ಮೊದಲು ತಾನು ನಂಬುವ ಒಬ್ಬರಿಗೆ ಕಳಿಸಿ, ಇಂಥ ಕಡೆ ಅನುಮಾನವಿದೆ ಎಂದು ತಾನೇ ಕೇಳುವುದು.

ಇಸ್ಲಾಹ್‌ನಲ್ಲಿ ಅಪಾಯವೂ ಇತ್ತು. ಉಸ್ತಾದನ ಕೈ ಜೋರಾದರೆ ಶಿಷ್ಯನ ದನಿ ಅಡಗಿ, ಒಂದೇ ಗರಡಿಯ ಗಜಲುಗಳೆಲ್ಲ ಒಂದೇ ಥರ ಕೇಳಿಸುತ್ತವೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಪದವನ್ನು ನಾವೇ ಬದಲಿಸಿಕೊಡುವುದಕ್ಕಿಂತ ಎಡವಿದ ಜಾಗ ತೋರಿಸಿ ಕೈಬಿಡುವುದು ಮೇಲೆಂದು ನಾನು ನಂಬಿರುವುದು ಇದರಿಂದಲೇ. ದಾಗ್ ಅವರಿಗೂ ಕೈಬಿಡುವುದು ಗೊತ್ತಿತ್ತು. ಪಂಜಾಬಿನಿಂದ ಗಜಲ್ ಕಳಿಸುತ್ತಿದ್ದವರಲ್ಲಿ ತರುಣ ಇಕ್ಬಾಲ್ ಒಬ್ಬರು. ಸ್ವಲ್ಪ ಕಾಲದಲ್ಲೇ ದಾಗ್, ನಿಮ್ಮ ಪದ್ಯದಲ್ಲಿ ತಿದ್ದುವಂಥದ್ದು ಹೆಚ್ಚೇನೂ ಇಲ್ಲ ಎಂದು ತಿಳಿಸಿಬಿಟ್ಟರೆಂದು ಇಕ್ಬಾಲರ ‘ಬಾಂಗ್-ಎ-ದರಾ’ ಸಂಕಲನದ ಮುನ್ನುಡಿಯಲ್ಲಿ ಅಬ್ದುಲ್ ಖಾದಿರ್ ಬರೆದಿದ್ದಾರೆ. ಇಕ್ಬಾಲರ ಕಾವ್ಯ ಮುಂದೆ ದಾಗ್ ಅವರ ಪ್ರೇಮದ ಗಜಲಿನಿಂದ ಬಲು ದೂರ ಹೋಯಿತು. ಆದರೂ ಉಸ್ತಾದ ತೀರಿಕೊಂಡಾಗ ಅವರಿಗಾಗಿ ಶೋಕಗೀತೆ ಬರೆದರು, ಆ ಶಿಷ್ಯತ್ವವನ್ನು ಹೆಮ್ಮೆಯಿಂದಲೇ ಹೇಳಿಕೊಂಡರು.